ಮೇಲ್ವಿಚಾರಕರ ಎಣ್ಣೆಸ್ನಾನ

"ಮಹಾಸ್ವಾಮಿ, ಕೆಲಸ ಅಂದರೆ ಹೀಗಿರಬೇಕು. ಇದೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ!" ಎಂದು ಪಾರುಪತ್ಯಗಾರ ಲಿಂಗರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಅವನು ಕೊಚ್ಚಿಕೊಳ್ಳುತ್ತಿದ್ದದ್ದು ಕುಂಬಾರಗೇರಿಯ ನೀರಿನ ಕೊಳವೆಯ ವಿಷಯ. ಸೋಮಗಿರಿ ಪಟ್ಟಣದಲ್ಲಿ ಊರವರು ಕೈ ಎತ್ತಿ ಒಪ್ಪದೆ ಅರಸ ಹೊಸ ತೆರಿಗೆ ಹಾಕುವಂತಿರಲಿಲ್ಲ. ಹಿಂದಿನ ವರ್ಷ, ಗುಡ್ಡದ ಚಿಲುಮೆಯಿಂದ ಗೇರಿಗೆ ನೀರು ತರುತ್ತೇವೆಂದಾಗ ಊರೆಲ್ಲ ಕೈ ಎತ್ತಿತ್ತು. ಕುಂಬಾರರಂತೂ ಎರಡೂ ಕೈ ಎತ್ತಿದ್ದರು. ತೆರಿಗೆ ಹರಿದು ಬಂತು, ನೀರು ಬರಲಿಲ್ಲ. ಬಂದದ್ದು ಗೇರಿಯ ತುದಿಯಲ್ಲಿ ಬಾಯಿ ತೆರೆದು ಕೂತ ಒಂದು ಕಲ್ಲಿನ ಸಿಂಹ ಮಾತ್ರ. ಅದರ ಬಾಯಿಂದ ನೀರು ಸುರಿಯಬೇಕಿತ್ತು.

ಈಗ ಅದೇ ತೆರಿಗೆಯನ್ನು ಇನ್ನೊಂದು ವರ್ಷ ಮುಂದುವರಿಸಬೇಕೆಂದು ಲಿಂಗರಸನ ಹಟ. ದೀಪಾವಳಿ ಕಳೆದ ಮೇಲೆ ಊರು ಮತ್ತೆ ಕೈ ಎತ್ತಬೇಕಿತ್ತು.

"ಸುಳ್ಳು, ಬುದ್ಧಿ!" ಎಂದು ಕುಂಬಾರಗೇರಿಯ ದ್ಯಾವಕ್ಕ ಸಭೆಯ ಹಿಂದಿನಿಂದ ಕೂಗಿದಳು. "ಆ ಸಿಂಹದ ಬಾಯಲ್ಲಿ ಜೊಲ್ಲೂ ಬರಾಕಿಲ್ಲ. ನನ್ನ ಸೊಸೆ ತುಂಬಿದ ಬಸುರಿ. ಕೊಡ ಹೊತ್ಕೊಂಡು ಹೊಳೆ ಮೆಟ್ಟಿಲಲ್ಲಿ ಜಾರಿ ಬಿದ್ದವ್ಳೆ. ಇನ್ನೊಂದು ಸಲ ಬಿದ್ರೆ ಮಗೂನೂ ಇಲ್ಲ, ಅವ್ಳೂ ಇಲ್ಲ."

"ಇವರು ಎದ್ದು ಬರುವ ಹೊತ್ತಿಗೆ ನೀರು ಬಂದು ಹೋಗಿರುತ್ತದೆ ಮಹಾಸ್ವಾಮಿ" ಎಂದ ಲಿಂಗರಸ. "ಬೇಕಾದರೆ ಸಮಿತಿಯನ್ನು ಕೇಳಿ."

ಖರ್ಚಿನ ಮೇಲೆ ಕಣ್ಣಿಡಲು ಊರ ಪರವಾಗಿ ಒಂದು ಮೇಲ್ವಿಚಾರಣಾ ಸಮಿತಿ ಇತ್ತು. ಅದರಲ್ಲಿ ಒಬ್ಬ ಲಿಂಗರಸನ ಭಾವಮೈದ. ಇನ್ನೊಬ್ಬ ಬೀಗ. ಮತ್ತೊಬ್ಬ ಲಿಂಗರಸನ ಮನೆಯ ಊಟವನ್ನು ಎಂದೂ ತಪ್ಪಿಸಿಕೊಳ್ಳದವ. ಅದನ್ನು ಊರಿನ ಸಮಿತಿ ಎನ್ನುವುದಕ್ಕಿಂತ ಪಂಕ್ತಿ ಎನ್ನುವುದೇ ಸರಿ.

"ನೀವು ಕೊಳವೆ ನೋಡಿದಿರಾ?" ಎಂದು ಅರಸ ಭೂಪಾಲರಾಯ ಕೇಳಿದ.

ಬೀಗ ಗಂಟಲು ಸರಿಮಾಡಿಕೊಂಡ. "ಕೊಳವೆ ಇರುವುದು ನೆಲದ ಕೆಳಗೆ. ನಮ್ಮದು ಮೇಲ್ವಿಚಾರಣೆ. ನಾವು ಮೇಲೆ ವಿಚಾರಿಸಿದೆವು. ಎಲ್ಲ ಚೆನ್ನಾಗಿದೆ."

ಅರಸ ತಲೆ ಕೆರೆದುಕೊಂಡು ಹಂಪಯ್ಯನ ಕಡೆ ನೋಡಿದ. ನಗಿಸುವುದಕ್ಕೆಂದೇ ಆಸ್ಥಾನದಲ್ಲಿ ಸಂಬಳ ಪಡೆಯುತ್ತಿದ್ದವನು ಹಂಪಯ್ಯ. ಆದರೆ ಅವತ್ತು ಅವನಿಗೆ ಮೈಯೆಲ್ಲ ಉರಿದುಹೋಗಿತ್ತು. ಮುಖದಲ್ಲಿ ಮಾತ್ರ ಭಕ್ತಿ ತುಂಬಿಕೊಂಡು ಎದ್ದು ನಿಂತ.

"ಇಂಥವರಿಗೆ ಬರೀ ಶಾಲು ಹೊದಿಸಿದರೆ ಸಾಲದು ಮಹಾಸ್ವಾಮಿ. ನಾಳೆ ನೀರು ತುಂಬುವ ಹಬ್ಬ. ಸಿಂಹದ ಬಾಯಿಗೇ ಹಂಡೆ ಇಡೋಣ. ನಾಡಿದ್ದು ಬೆಳಗ್ಗೆ ಪಾರುಪತ್ಯಗಾರರಿಗೂ ಸಮಿತಿಗೂ ಊರವರ ಮುಂದೆ, ಆ ಕೊಳವೆಯ ನೀರಲ್ಲೇ ಎಣ್ಣೆಸ್ನಾನ ಆಗಲಿ."

ಅರಸ ಒಪ್ಪಿದ. ಲಿಂಗರಸನ ಮೀಸೆ ಒಂದು ಗಳಿಗೆ ಇಳಿಯಿತು, ಆಮೇಲೆ ಮತ್ತೆ ಏರಿತು. ಮರುದಿನ ಸಂಜೆ ಅವನ ಆಳುಗಳು ಹೊಳೆಯಿಂದ ನೀರು ಹೊತ್ತು ತಂದು ಹಂಡೆ ತುಂಬಿಸಿದರು. ಹಂಡೆಯ ಕೊರಳಿಗೆ ಹಾಗಲಬಳ್ಳಿಯನ್ನೂ ಕಟ್ಟಿ ಹೋದರು.

ಹಬ್ಬದ ಬೆಳಗ್ಗೆ ಕುಂಬಾರಗೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರಸನೂ ಬಂದು ಕೂತಿದ್ದ. ನಾಲ್ವರನ್ನೂ ಮಣೆಯ ಮೇಲೆ ಕೂರಿಸಿದರು. ಗೇರಿಯ ಹೆಂಗಸರು ಸೆರಗು ಸಿಕ್ಕಿಸಿ, ಕೈತುಂಬ ಹರಳೆಣ್ಣೆ ಸುರಿದುಕೊಂಡು ತಲೆಗೆ ತಟ್ಟಿದರು. ತಟ್ಟಿದರು ಅಂದರೆ ಮಣ್ಣು ಹದಮಾಡುವವರ ಕೈ ಅದು. ಭಾವಮೈದನ ಕುತ್ತಿಗೆ ಭುಜದೊಳಗೆ ಇಳಿಯಿತು.

ಆಮೇಲೆ ದ್ಯಾವಕ್ಕ ಸೀಗೆಪುಡಿಯ ಬೋಗುಣಿ ಹಿಡಿದು ಬಂದಳು. ತಲೆ, ಹಣೆ, ಹುಬ್ಬು ಎಂದು ಭೇದ ಮಾಡದೆ ಬಳಿದಳು.

"ಅಯ್ಯೋ ಕಣ್ಣು! ನೀರು ಹಾಕಿ!" ಎಂದು ಬೀಗ ಚೀರಿದ.

"ಹಂಡೆ ಖಾಲಿ ಸ್ವಾಮಿ" ಎಂದ ಹಂಪಯ್ಯ. "ಹಬ್ಬದ ದಿನ ನೋಡಿ, ಗೇರಿಯ ಮಕ್ಕಳನ್ನೆಲ್ಲ ಮೊದಲು ಮೀಯಿಸಿಬಿಟ್ಟೆವು. ಅದಕ್ಕೇನಂತೆ? ಕೊಳವೆ ಇದೆಯಲ್ಲ! ಸಿಂಹಕ್ಕೆ ಒಂದು ಮಾತು ಹೇಳಿ."

"ಹೊಳೆ ನೀರಾದರೂ ತನ್ನಿರೋ!" ಎಂದು ಲಿಂಗರಸ ಮಣೆಯ ಮೇಲೇ ಕುಣಿದ.

ದ್ಯಾವಕ್ಕ ತುಂಬಿದ ಕೊಡ ಎತ್ತಿದಳು. ಹಂಪಯ್ಯ ಕೈ ಅಡ್ಡ ಹಿಡಿದ. "ಬೇಡ ತಾಯಿ. ಹೊಳೆ ನೀರು ಸುರಿದರೆ ಪಾರುಪತ್ಯಗಾರರ ಕೊಳವೆಗೆ ಅವಮಾನ."

"ಅಲ್ಲಿ ಕೊಳವೆ ಇಲ್ಲ!" ಭಾವಮೈದ ಬಾಯಿ ಬಿಟ್ಟ. "ಅದು ಭಾವನ ಮಾವಿನ ತೋಪಿಗೆ ಹೋಗಿದೆ! ಅಲ್ಲಿನ ಕೊಳಕ್ಕೆ ನೀರು ಬೀಳುತ್ತಿದೆ, ನಾವೇ ಕಂಡಿದ್ದೇವೆ!"

"ಮುಚ್ಚೋ ಬಾಯಿ!" ಎಂದ ಲಿಂಗರಸ.

"ಕಣ್ಣು ಮುಚ್ಚಿಕೊಂಡೇ ಸಾಯುತ್ತಿದ್ದೇನೆ, ಬಾಯಿ ಬೇರೆ ಮುಚ್ಚಲಾ? ಆ ಕೊಳದ ದಂಡೆಯಲ್ಲೇ ಕೂರಿಸಿ ಹೋಳಿಗೆ ಹಾಕಿದವರು ನೀವೇ ಅಲ್ಲವೇ!"

ಹಂಪಯ್ಯ ಕೈ ತೆಗೆದ. ದ್ಯಾವಕ್ಕ ಕೊಡ ಬಗ್ಗಿಸಿದಳು. ಚಳಿಗಾಲದ ಹೊಳೆ ನೀರಿಗೆ ನಾಲ್ವರೂ ಗಡಗಡ ನಡುಗಿದರು.

ಅರಸ ನಗು ತಡೆದುಕೊಂಡು ಕೇಳಿದ: "ಹಂಪಯ್ಯ, ವರ್ಷವಿಡೀ ತೆರಿಗೆ ಕೊಟ್ಟ ಊರಿಗೆ ನಾನೇನು ಹೇಳಲಿ?"

"ಇದ್ದದ್ದನ್ನೇ ಹೇಳಿ ಮಹಾಸ್ವಾಮಿ. ನೀರು ಬಂದಿದೆ. ಆದರೆ ಸಿಂಹದ ಬಾಯಲ್ಲಲ್ಲ, ಸಮಿತಿಯ ಕಣ್ಣಲ್ಲಿ!"

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಲಿಂಗರಸನ ಅಧಿಕಾರ ಅಲ್ಲೇ ಹೋಯಿತು. ಅವನ ತೋಪನ್ನು ಮಾರಿದ ಹಣದಲ್ಲೇ ಕೊಳವೆಯನ್ನು ಗೇರಿಗೆ ತಿರುಗಿಸಿದರು. ನಿನಗೇನು ಬೇಕೆಂದು ಅರಸ ಕೇಳಿದಾಗ ಹಂಪಯ್ಯ ಬೇಡಿದ್ದು ಇಷ್ಟೇ: ಇನ್ನು ಸಮಿತಿಯಲ್ಲಿ ಕೊಡ ಹೊರುವವರೇ ಕೂರಬೇಕು, ಪಾರುಪತ್ಯಗಾರ ಯಾರೇ ಆಗಲಿ, ವರ್ಷವರ್ಷವೂ ಅವನ ಎಣ್ಣೆಸ್ನಾನ ಈ ಸಿಂಹದ ಮುಂದೆಯೇ ಆಗಬೇಕು.

ಮುಂದಿನ ದೀಪಾವಳಿಗೆ ದ್ಯಾವಕ್ಕನ ಮೊಮ್ಮಗಳು ಸಿಂಹದ ಬಾಯಿಗೆ ಕೈ ಹಾಕಿ ನೀರಾಡುತ್ತಿದ್ದಳು. ಮಣೆಯ ಮೇಲೆ ಕೂತ ಹೊಸ ಪಾರುಪತ್ಯಗಾರ, ಬೋಗುಣಿ ಕಂಡದ್ದೇ ತಡ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಿ ಸ್ವಾಮಿ" ಎಂದಳು ದ್ಯಾವಕ್ಕ. "ನೀರು ಬರ್ತಾ ಐತಾ ಅಂತ ಮೊದ್ಲು ನೋಡಿ. ಮುಚ್ಕೊಳ್ಳೋದು ಆಮ್ಯಾಕೆ."