ಒಂದು ತುಂಡು ಹಸಿಶುಂಠಿ

ಹೊಳೆ ದಂಡೆಯ ಒಂದು ಊರಿನಲ್ಲಿ ಫಕೀರಪ್ಪ ಮಾಸ್ತರರು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಅದಕ್ಕೂ ಮೊದಲು ಟಿವಿ, ಅದಕ್ಕೂ ಮೊದಲು ರೇಡಿಯೊ. ಕಾಲ ಕಳೆದಂತೆ ಮೇಜಿನ ಮೇಲಿನ ಸಾಮಾನು ಬದಲಾಯಿತೇ ಹೊರತು ಮಾಸ್ತರರು ಬದಲಾಗಲಿಲ್ಲ. ಅಂಥ ಕೈಗುಣ ಇರುವ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ಅವರದೊಂದು ಪದ್ಧತಿಯಿತ್ತು. ರಿಪೇರಿಯಾದ ಕಂಪ್ಯೂಟರನ್ನು ಗಿರಾಕಿಯ ಮನೆಗೇ ಒಯ್ದು ಜೋಡಿಸಬೇಕು. ಜೋಡಿಸಿದ ಮೇಲೆ ಅಲ್ಲೇ ಕೂತು ಒಂದು ಕಪ್ ಚಹಾ ಕುಡಿದು ಬರಬೇಕು.

ಶಿಷ್ಯೆ ನೀಲಾ ಮೂರು ವರ್ಷದಿಂದ ಈ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಒಯ್ಯುತ್ತಿದ್ದಳು, ಜೋಡಿಸುತ್ತಿದ್ದಳು. ಚಹಾ ಮಾತ್ರ ಕುಡಿಯುತ್ತಿರಲಿಲ್ಲ. ಮೇಜಿನ ಮೇಲೆ ಇನ್ನೂ ನಾಲ್ಕು ಕಂಪ್ಯೂಟರ್ ಕಾಯುತ್ತಿರುವಾಗ ಕಂಡವರ ಮನೆಯಲ್ಲಿ ಕಾಲು ಚಾಚಿ ಕೂರುವುದೆಂದರೆ ಅವಳಿಗೆ ಆಗದು.

ಮರಳಿ ಬಂದಾಗ ಮಾಸ್ತರರು ತಪ್ಪದೆ ಕೇಳುತ್ತಿದ್ದರು. “ಚಾ ಹೆಂಗಿತ್ತು?”

“ಚಲೋ ಇತ್ರಿ,” ಎನ್ನುತ್ತಿದ್ದಳು ನೀಲಾ.

ಮಾಸ್ತರರು ಮುಂದೆ ಏನೂ ಕೇಳುತ್ತಿರಲಿಲ್ಲ.

ನೀಲಾ ಕಲಿತಳು, ಚೆನ್ನಾಗಿಯೇ ಕಲಿತಳು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದಳು. ‘ಕಂಪ್ಯೂಟರ್ ಮಾರಾಟ ಮತ್ತು ರಿಪೇರಿ’ ಎಂದು ಬೋರ್ಡು ಬರೆಸಿದಳು. ಮಾರಲು ಒಂದೇ ಒಂದು ಹೊಸ ಕಂಪ್ಯೂಟರ್ ತಂದು, ಡಬ್ಬಿ ಒಡೆಯದೆ ಕಿಟಕಿಯ ಬಳಿ ಇಟ್ಟಳು. ಇನ್ನು ಗುರುವಿನ ಅಪ್ಪಣೆಯೊಂದು ಬಾಕಿ. ಅದಿಲ್ಲದೆ ಬಾಗಿಲು ತೆಗೆಯಲು ಅವಳಿಗೆ ಮನಸ್ಸಿರಲಿಲ್ಲ.

“ಮಾಸ್ತರ, ನಾಳೆ ಅಂಗಡಿ ತೆಗೀಲೇನ್ರಿ?”

“ಇಂದಕ್ಕನ ಕಂಪ್ಯೂಟರ್ ಏನಾತು?”

ನೀಲಾಳ ಮುಖ ಸಣ್ಣದಾಯಿತು. ಇಂದಕ್ಕ ಮನೆಯಲ್ಲೇ ಲಗ್ನಪತ್ರಿಕೆ ಕಂಪೋಸ್ ಮಾಡುವವರು. ಅವರ ಕಂಪ್ಯೂಟರ್ ಕೆಲಸದ ನಡುವೆ ತಾನಾಗಿ ಆರಿಹೋಗುತ್ತಿತ್ತು. ಮೂರು ಸಲ ರಿಪೇರಿಗೆ ಬಂದಿತ್ತು. ಮೂರು ಸಲವೂ ಮಾಸ್ತರರ ಮೇಜಿನ ಮೇಲೆ ಇಡೀ ದಿನ ಓಡಿತ್ತು. ಹಿಂದಿನ ಎರಡು ಸಲವೂ ನೀಲಾ ಒಯ್ದು ಜೋಡಿಸಿ ಬಂದ ಮರುದಿನ ಮತ್ತೆ ಅದೇ ಹಾಡು; ಈಗ ಮತ್ತೆ ಮೇಜಿನ ಮೇಲೆ ಕೂತಿತ್ತು.

“ಅದರಾಗ ಬದಲಿ ಮಾಡೂದು ಏನೂ ಉಳದಿಲ್ರಿ,” ಎಂದಳು. “ಇನ್ನೊಮ್ಮಿ ಬಂದ್ ಬಿತ್ತಂದ್ರ ನಿನ್ನ ಕಡಿಂದ ಹೊಸಾದು ತಗೋತೇನಿ ಅಂದಾರ ಅಕ್ಕ. ನನ್ನ ಮೊದಲನೇ ಮಾರಾಟ ಆಗತೈತ್ರಿ.”

“ಆಗಲಿ. ಈಗ ಹಳೇದನ್ನ ಒಯ್ದು ಜೋಡಿಸಿ ಬಾ.”

ಮಾಸ್ತರರು ಜೇಬಿನಿಂದ ಒಂದು ತುಂಡು ಹಸಿಶುಂಠಿ ತೆಗೆದು ಅವಳ ಅಂಗೈಯಲ್ಲಿಟ್ಟರು.

“ಇದ್ಯಾಕ್ರಿ?”

“ಇಂದಕ್ಕಗ ಕೊಡು. ಚಾಕ್ಕ ಹಾಕಲಿ.”

ಇನ್ನು ಚಹಾ ಬೇಡ ಎನ್ನಲು ದಾರಿಯೇ ಇರಲಿಲ್ಲ. ದೊಡ್ಡವರು ಕಟ್ಟಿಹಾಕುವುದು ಹೀಗೆಯೇ.

ಇಂದಕ್ಕನ ಮನೆಗೆ ಹೋಗಿ ನೀಲಾ ಕಂಪ್ಯೂಟರ್ ಜೋಡಿಸಿದಳು. ಅದು ಯಾವಾಗಿನಂತೆ ಸರಿಯಾಗಿಯೇ ಓಡಿತು. ರೂಢಿಯಂತೆ ಎದ್ದು ಹೊರಟವಳಿಗೆ ಶುಂಠಿಯ ನೆನಪಾಯಿತು.

“ಅಕ್ಕಾ, ಮಾಸ್ತರು ಇದನ್ನ ಕೊಟ್ಟಾರ. ಚಾಕ್ಕ ಹಾಕಬೇಕಂತ.”

ಇಂದಕ್ಕನಿಗೆ ಖುಷಿಯೋ ಖುಷಿ. “ಇಷ್ಟ ಸರತಿ ಬಂದಿ, ಇವತ್ತರ ಕುಂಡರತೀಯಲ್ಲ ತಂಗಿ.”

ಮೇಜಿನ ಕೆಳಗೆ ಒಂದು ಕರೆಂಟ್ ಒಲೆಯಿತ್ತು. ಚಹಾಕ್ಕೆಂದು ಕೆಲಸ ಬಿಟ್ಟು ಏಳಬಾರದೆಂದು ಅಕ್ಕ ಅದನ್ನು ಅಲ್ಲೇ ಇಟ್ಟುಕೊಂಡಿದ್ದರು. ನೀಲಾ ಬಂದಾಗಲೆಲ್ಲ ಅದು ತಣ್ಣಗೆ ಕೂತಿರುತ್ತಿತ್ತು. ಈಗ ಅಕ್ಕ ಅದನ್ನು ಹೊರಗೆಳೆದು, ಕಂಪ್ಯೂಟರಿನ ಪ್ಲಗ್ಗು ಇದ್ದ ಎಕ್ಸ್‌ಟೆನ್ಶನ್ ಬೋರ್ಡಿಗೇ ಅದರ ಪ್ಲಗ್ಗನ್ನೂ ಚುಚ್ಚಿದರು. ಸ್ವಿಚ್ ಹಾಕಿ, ಹಾಲು ತರಲು ಒಳಗೆ ಹೋದರು.

ಒಲೆಯ ಸುರುಳಿ ಕೆಂಪಾಗತೊಡಗಿತು. ಬೋರ್ಡಿನೊಳಗೆ ಚಿಟಿಚಿಟಿ ಸಪ್ಪಳವಾಯಿತು. ಕಂಪ್ಯೂಟರ್ ಆರಿತು.

ನೀಲಾ ಕೂತಲ್ಲೇ ಕೂತಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂರು ಸಲ ಬಿಚ್ಚಿ ಜೋಡಿಸಿದ ಕಂಪ್ಯೂಟರಿಗೆ ರೋಗವೇ ಇರಲಿಲ್ಲ.

ಅಕ್ಕ ಹಾಲಿನ ಪಾತ್ರೆ ಹಿಡಿದು ಬಂದರು. “ನೋಡು, ಮತ್ತ ಹೋತು. ಸಾಕಾತವಾ ಇದರ ಸಂಗ. ನಾಳೆ ಹೊಸಾದನ್ನ ತಂದು ಹಚ್ಚಿಬಿಡು.”

ಡಬ್ಬಿ ಒಡೆಯದ ಆ ಹೊಸ ಕಂಪ್ಯೂಟರ್ ನೀಲಾಳ ಕಣ್ಣಮುಂದೆ ಬಂತು. ಹೂಂ ಅಂದರೆ ಸಾಕು, ಅಂಗಡಿ ತೆಗೆದ ದಿನವೇ ಬೋಣಿ. ಹೊಸದನ್ನು ಜೋಡಿಸುವಾಗ ಒಲೆಯನ್ನು ಸುಮ್ಮನೆ ಅಡುಗೆಮನೆಗೆ ಸರಿಸಿದರಾಯಿತು, ಯಾರಿಗೂ ತಿಳಿಯದು. ನಿಜ ಹೇಳಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಬಾಗಿ ಒಲೆಯ ಪ್ಲಗ್ಗನ್ನು ಕಿತ್ತಳು.

“ಅಕ್ಕಾ, ಹೊಸಾದು ಬ್ಯಾಡ. ಇದಕ್ಕ ಏನೂ ಆಗಿಲ್ಲ. ಕೆಟ್ಟಿದ್ದು ಈ ಬೋರ್ಡು, ಒಲಿ ಹಚ್ಚಿದ್ರ ತಡಿಯೂದಿಲ್ಲ. ನಾನ ಕುಂತು ನೋಡಿದ್ದಿಲ್ಲ.”

ಒಲೆಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಗೋಡೆಯ ಪ್ಲಗ್ಗಿಗೆ ಹಾಕಿದಳು. ಕಂಪ್ಯೂಟರಿಗೆ ತನ್ನ ಚೀಲದಲ್ಲಿದ್ದ ಬೇರೆ ಬೋರ್ಡು ಕೊಟ್ಟಳು. ಒಳಗೆ ಚಹಾ ಕುದಿಯಿತು. ಹೊರಗೆ ಕಂಪ್ಯೂಟರ್ ಓಡುತ್ತಲೇ ಇತ್ತು. ಅಕ್ಕ ಕಪ್ಪು ತಂದುಕೊಟ್ಟರು, ನೀಲಾ ಕೊನೆಯ ಗುಟುಕಿನವರೆಗೂ ಕೂತು ಕುಡಿದಳು.

ಅವಳು ಮರಳಿ ಬಂದಾಗ ಮಾಸ್ತರರು ಬ್ರಶ್ಶಿನಿಂದ ಒಂದು ಫ್ಯಾನಿನ ಧೂಳು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಚಾ ಹೆಂಗಿತ್ತು?”

“ಶುಂಠಿ ಜಾಸ್ತಿ ಆಗಿತ್ರಿ. ಗಂಟಲ ಉರೀತು.”

ಬ್ರಶ್ಶು ನಿಂತಿತು.

“ಮಾರಾಟ?”

“ಹೋತ್ರಿ.” ನೀಲಾ ಚೀಲ ಕೆಳಗಿಟ್ಟಳು. “ಮಾಸ್ತರ, ಈ ಮೂರು ವರ್ಷ ನಾ ಯಾರ ಮನ್ಯಾಗೂ ಚಾ ಕುಡದಿದ್ದಿಲ್ರಿ. ನಿಮಗ ಸುಳ್ಳ ಹೇಳತಿದ್ದೆ.”

“ಗೊತ್ತಿತ್ತು. ಎಲ್ಲಾರ ಮನಿ ಚಾನೂ ಚಲೋ ಇರೂದಿಲ್ಲ.”

ನೀಲಾಳ ಕಣ್ಣು ತುಂಬಿ ಬಂತು. ಮೂರು ವರ್ಷ ಒಂದು ಮಾತೂ ಆಡದೆ ಕಾದಿದ್ದರಲ್ಲ ಈ ಮನುಷ್ಯ. ಬಾಗಿ ಅವರ ಕಾಲು ಮುಟ್ಟಿದಳು. ಅಂಗಡಿಯ ಮಾತೆತ್ತಲು ಅವಳಿಗೆ ಬಾಯಿ ಬರಲಿಲ್ಲ.

ಆ ಮಾತನ್ನು ಮಾಸ್ತರರೇ ಎತ್ತಿದರು.

“ನಾಳೆ ಅಂಗಡಿ ತೆಗಿ. ಚಾ ಕುಡಿಯಾಕ ನಾ ಬರತೇನಿ.”