ಮಂಗಟ್ಟೆಯ ಮನೆ, ಮರಕುಟಿಗನ ಬಾಲ

ಮಕ್ಕಳೇ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಗೊತ್ತಲ್ಲ? ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಮರದ ಪೊಟರೆ ಹೊಕ್ಕು, ಅದರ ಬಾಯಿಗೆ ಮಣ್ಣು ಮೆತ್ತಿ ಒಳಗೇ ಕೂತುಬಿಡುತ್ತದೆ. ಸಣ್ಣ ಸಂದಿಯಲ್ಲಿ ಗಂಡು ಹಣ್ಣು ಕೊಡುತ್ತದೆ.

ಒಂದು ಕಾಡಿನಲ್ಲಿ ಹೊನ್ನಿ ಎಂಬ ಮಂಗಟ್ಟೆಗೆ ಇಂದೋ ನಾಳೆಯೋ ಮೊಟ್ಟೆ ಇಡುವ ಹೊತ್ತು. ಗಂಡ ಕೆಂಚ ತಾರೆ ಮರದಲ್ಲಿ ಪೊಟರೆ ಹುಡುಕಿದ್ದ. ಆ ಮರದ ಮರಕುಟಿಗ ಕುಟ್ಟಪ್ಪ ಒಳಗೆಲ್ಲ ಕುಟ್ಟಿ ನೋಡಿದ.

"ತಂಗೀ, ಮರ ಗಟ್ಟಿ, ಒಳಗೆ ಒಣಗಿದೆ, ನಿನ್ನ ಅಳತೆಗೂ ಸರಿ. ಇನ್ನೇನು? ಹೋಗು ಒಳಗೆ."

"ಒಂದೇ ಒಂದು ಮಾತು ಕೇಳ್ಕೊಂಡು ಬರ್ತೀನಣ್ಣಾ."

ಗಾಳಿ ಎತ್ತಣದಿಂದ ಬೀಸುತ್ತದೆ ಎಂದು ಗಿಳಿಯನ್ನು ಕೇಳಿದಳು. ಪಡುವಣದಿಂದ ಎಂದಿತು ಗಿಳಿ. ಮೂಡಣದಿಂದ ಎಂದಿತು ಗೊರವಂಕ. ಯಾರದು ಸರಿ ಎಂದು ಅಳಿಲನ್ನು ಕೇಳಿದರೆ, "ಗಾಳಿ ಬಿಡು, ಬಿಸಿಲಿನ ವಿಷಯ ಕೇಳಿದೆಯಾ?" ಎಂದಿತು ಅದು. ಅಯ್ಯೋ, ಕೇಳಿರಲಿಲ್ಲ!

"ಸಾಕು ಬಾರೇ," ಎಂದ ಕೆಂಚ.

"ಒಳಗೆ ಕೂರೋಳು ನಾನು. ನಿಮಗೇನು?" ಎಂದಳು ಹೊನ್ನಿ. ಅದೂ ನಿಜವೇ ಅನ್ನಿ.

ಹೋದ ವರ್ಷದ ಮಳೆ ಹೇಗಿತ್ತೆಂದು ನವಿಲನ್ನು ಕೇಳಲು ಅವಳು ಗುಡ್ಡದಾಚೆ ಹೊರಟಳು. "ಮಳೆ ಬಂದಾಗ ಮಳೆಯನ್ನೇ ಕೇಳು!" ಎಂದು ಕುಟ್ಟಪ್ಪ ಕೂಗಿದರೂ ನಿಲ್ಲಲಿಲ್ಲ. ಕೆಂಚನೂ ಹಿಂದೆಯೇ ಹಾರಿದ.

ಇತ್ತ ಖಾಲಿ ಪೊಟರೆ ಕಂಡು ಉಡವೊಂದು ಮರ ಹತ್ತಿತು. ಕುಟ್ಟಪ್ಪ ಅಡ್ಡ ನಿಂತ.

"ಇದು ನನ್ನ ತಂಗಿ ಮನೆ!"

"ಎಲ್ಲಿದ್ದಾಳೆ ನಿನ್ನ ತಂಗಿ?"

ಕುಟ್ಟಪ್ಪ ಉಡದ ಮೂತಿಗೆ ಕುಟ್ಟಿಯೇ ಕುಟ್ಟಿದ. ಉಡ ಅವನ ಬಾಲ ಕಚ್ಚಿ ಎಳೆಯಿತು. ಗರಿಗಳೆಲ್ಲ ಕಿತ್ತುಬಂದವು, ಉಡ ಗರಿಗಳ ಸಮೇತ ಧೊಪ್ಪನೆ ಕೆಳಗೆ ಬಿದ್ದು ಪೊದೆ ಸೇರಿತು.

ಮೊಟ್ಟೆ ಇಡುವ ನೋವು ಶುರುವಾಗಿ ಹೊನ್ನಿ ಹಾರಿ ಬಂದಾಗ ಕುಟ್ಟಪ್ಪ ಪೊಟರೆಯ ಬಾಯಲ್ಲಿ ಜಾರುತ್ತಾ, ಮತ್ತೆ ಹತ್ತುತ್ತಾ ಇದ್ದ. ಮರಕುಟಿಗ ಕಾಂಡದ ಮೇಲೆ ನಿಲ್ಲುವುದೇ ಬಾಲ ಊರಿಕೊಂಡು.

"ಅಣ್ಣಾ, ನನ್ನಿಂದ..." ಹೊನ್ನಿಗೆ ಅಳು ಬಂತು.

"ಅಳೋದು ಆಮೇಲೆ. ಮೊದಲು ಒಳಗೆ ಹೋಗು!"

ಹೊನ್ನಿ ಏನೊಂದೂ ಕೇಳದೆ ಒಳಗೆ ಹೋದಳು.

ಬಾಲ ಬೆಳೆಯುವ ತನಕ ಕೆಂಚ ಇಬ್ಬರಿಗೂ ಹಣ್ಣು ತಂದ. "ಮೊದಲು ಅಣ್ಣನಿಗೆ ಕೊಡಿ," ಎಂದು ಸಂದಿಯಿಂದ ದಿನವೂ ಹೊನ್ನಿಯ ದನಿ ಕೇಳುತ್ತಿತ್ತು.

ಮಣ್ಣೊಡೆದು ಮರಿಗಳೊಂದಿಗೆ ಹೊರಬಂದವಳು ಕುಟ್ಟಪ್ಪನ ಮುಂದೆ ತಲೆ ಬಾಗಿದಳು. "ಮಕ್ಕಳೇ, ಈ ಮಾವನ ಋಣ ಮರೀಬೇಡಿ. ಅಣ್ಣಾ, ಒಂದು ಮಾತು ಕೇಳಲಾ?"

ಕುಟ್ಟಪ್ಪ ಬೆಚ್ಚಿಬಿದ್ದ. "ಮತ್ತೆ ಶುರುವಾಯ್ತಾ?"

"ಮುಂದಿನ ವರ್ಷವೂ ಈ ಮನೆ ನನಗೇ ಕೊಡ್ತೀಯಾ?"

ಕುಟ್ಟಪ್ಪ ಹೊಸ ಬಾಲ ಊರಿ ನೆಟ್ಟಗೆ ನಿಂತ. "ಬೇಗ ಬಂದರೆ ಕೊಡ್ತೀನಿ," ಎಂದ.

ನೀತಿ: ಬೇಕಾದಷ್ಟು ತಿಳಿದ ಮೇಲೂ ಕೇಳುತ್ತಲೇ ಅಲೆದರೆ, ಆ ತಡದ ಬೆಲೆಯನ್ನು ನಮ್ಮ ಹಿತೈಷಿಗಳು ತೆರಬೇಕಾಗುತ್ತದೆ.