ಯಾರೂ ನೋಡದ ಸ್ಟ್ಯಾಂಡು

ತಿಪ್ಪೇಶ ಅಗ್ಗದ ಅಡ್ವೆಂಚರ್ ಬೈಕೊಂದನ್ನು ಕೊಂಡು ನಾಲ್ಕು ಬೆರಳು ಎತ್ತರ ಮಾಡಿಸಿದ. ಇಕ್ಕೆಲಕ್ಕೂ ಪೆಟ್ಟಿಗೆ, ಮುಂದೆ ಜೋಡಿ ದೀಪ ಹಾಕಿಸಿದ.

"ಸೈಡ್ ಸ್ಟ್ಯಾಂಡೂ ಉದ್ದ ಮಾಡ್ಲಾ ಸಾರ್?" ಎಂದ ಮೆಕ್ಯಾನಿಕ್.

"ಬಿಡಪ್ಪ, ಅದನ್ನ ಯಾರು ನೋಡ್ತಾರೆ?" ಎಂದ ತಿಪ್ಪೇಶ.

ಗಿಡ್ಡವಾಗಿಯೇ ಉಳಿದ ಸ್ಟ್ಯಾಂಡಿಗೆ ಚಿಂತೆ ಹತ್ತಿತು. "ಬೈಕಣ್ಣಾ, ನೀನು ಬೆಳೆದೆ, ನಾನು ಬೆಳೆಯಲಿಲ್ಲ. ನಿಂತಾಗ ನನ್ನ ಮೇಲೆ ವಿಪರೀತ ವಾಲುತ್ತೀಯ. ಹೊರಡುವ ಮೊದಲು ಇದಕ್ಕೊಂದು ದಾರಿ ನೋಡು," ಎಂದಿತು.

ಬೈಕು ಗುಡುಗಿತು: "ನಾನು ಹುಟ್ಟಿರುವುದು ಬೆಟ್ಟ ಹತ್ತಲು, ನಿಲ್ಲಲು ಅಲ್ಲ. ದಾರಿಯುದ್ದಕ್ಕೂ ಕಾಲು ಮಡಚಿಕೊಂಡು ಬರುವ ನಿನಗೆ ಸವಾರಿಯ ಮಾತೇಕೆ?"

ಸ್ಟ್ಯಾಂಡು ಕಾಲು ಮಡಚಿಕೊಂಡಿತು, ಸವಾರಿ ಹೊರಟಿತು. ಬೈಕು ಕಲ್ಲು, ಹಳ್ಳ, ಕೆಸರು ಯಾವುದಕ್ಕೂ ಜಗ್ಗದೆ ಬೆಟ್ಟದ ನೆತ್ತಿ ಮುಟ್ಟಿತು. ಅಲ್ಲಿದ್ದ ಸವಾರರೆಲ್ಲ ಬೆರಗಾಗಿ ಸುತ್ತುವರಿದರು. ತಿಪ್ಪೇಶ ಠೀವಿಯಿಂದ ಸ್ಟ್ಯಾಂಡು ಹಾಕಿ ಇಳಿದ. ತುಂಬಿದ ಪೆಟ್ಟಿಗೆಗಳ ಭಾರಕ್ಕೆ ಬೈಕು ವಾಲಿತು, ಇನ್ನೂ ವಾಲಿತು, ದಡಕ್ಕನೆ ಎಡಮಗ್ಗುಲಿಗೆ ಬಿದ್ದಿತು. ಹೊಸ ದೀಪ ಪುಡಿಪುಡಿಯಾಯಿತು.

ಸವಾರರು ಬಗ್ಗಿ ಬಗ್ಗಿ ನೋಡಿದರು.

"ಎಲ್ಲರೂ ಏನನ್ನು ನೋಡುತ್ತಿದ್ದಾರೆ?" ಎಂದು ನರಳಿತು ಬೈಕು.

"ನನ್ನನ್ನು," ಎಂದಿತು ಸ್ಟ್ಯಾಂಡು.